ಖಾಲಿ ಎಂದು ಒಪ್ಪಿಸಿದ ಪಿಸ್ತೂಲು

ಚುನಾವಣೆ ಘೋಷಣೆಯಾದರೆ ಪರವಾನಗಿ ಇರುವವರು ತಮ್ಮ ಬಂದೂಕು, ಪಿಸ್ತೂಲುಗಳನ್ನು ಠಾಣೆಗೆ ಒಪ್ಪಿಸಬೇಕು. ಕಡೂರಿನಲ್ಲಿ ವರದಿಗಾರನಾಗಿರುವ ನಾನು ಆ ಸೂಚನೆಯನ್ನು ಎಷ್ಟೋ ಸಲ ಸುದ್ದಿ ಮಾಡಿದ್ದೇನೆ. ಈ ಸಲ ಅಪ್ಪನ ಪಿಸ್ತೂಲು ಹಿಡಿದು ನಾನೇ ಸಾಲಿನಲ್ಲಿ ನಿಂತಿದ್ದೆ.

ಪಂಚನಹಳ್ಳಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಅಪ್ಪ ಕೊಂಡದ್ದು ಅದು. ಅದು ಮನೆಯಲ್ಲೇ ಉಳಿಯಬೇಕೆಂಬ ಆಸೆಯಿಂದ ಪರವಾನಗಿಯನ್ನು ನನ್ನ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟಿದ್ದರು. ಪ್ರತಿ ಆಯುಧಪೂಜೆಗೆ ಬೈಕು, ಕುಡುಗೋಲಿನ ಜೊತೆ ಅದಕ್ಕೂ ಕೊಬ್ಬರಿ ಎಣ್ಣೆ ಸವರಿ ವಿಭೂತಿ, ಕುಂಕುಮ ಇಡುತ್ತಿದ್ದರು. ಅದೆಲ್ಲ ಒಳಗಿಳಿದು ಅಂಟಾಗಿ, ಗುಂಡು ತುಂಬಲು, ತೆಗೆಯಲು ಹಿಂದಕ್ಕೆ ಎಳೆಯುವ ಮೇಲಿನ ಸ್ಲೈಡ್ ಬಿಗಿದುಕೊಂಡಿದ್ದು ನನಗೆ ಗೊತ್ತಿರಲಿಲ್ಲ.

"ಖಾಲಿ ಮಾಡಿ ತೋರಿಸಿ," ಎಂದರು ಮೇಜಿನಾಚೆಯ ಮಹಿಳಾ ಎಎಸ್‌ಐ.

"ಖಾಲಿನೇ ಐತೆ ಮೇಡಮ್ಮೋರೆ, ಮ್ಯಾಗಜೀನು ಮನೇಲೇ ತೆಗ್ದಿವ್ನಿ," ಎಂದರು ಪಕ್ಕದಲ್ಲಿದ್ದ ಅಪ್ಪ.

"ಮ್ಯಾಗಜೀನು ತೆಗೆದ್ರೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ಸ್ಲೈಡ್ ಎಳೆದು ತೋರಿಸಿ."

ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ಎಳೆದೆ. ಅಲುಗಲಿಲ್ಲ. ಬಲ ಬರಲೆಂದು ಮೈ ತಿರುಗಿಸಿ ಮತ್ತೆ ಜಗ್ಗಿದೆ.

"ರೀ! ಅಪ್ಪನ ಹೊಟ್ಟೆಗೇ ಹಿಡಿದಿದೀರಲ್ರೀ! ಬೆರಳು ಟ್ರಿಗರಿಂದ ಆಚೆ ತೆಗೀರಿ!" ಎಂದು ಎಎಸ್‌ಐ ಕೂಗಿದರು.

"ಪೇಪರ್ನೋರು ಕಣಮ್ಮಾ, ಪೆನ್ನು ಕ್ಯಾಪು ತೆಗ್ದಂಗೆ ತೆಗೀತಾವ್ರೆ," ಎಂದು ಹಿಂದಿನಿಂದ ಯಾರೋ ಅಂದರು. ಸಾಲೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

ಎಎಸ್‌ಐ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದು, ಪಿಸ್ತೂಲಿನ ಬಾಯಿಯನ್ನು ಗೋಡೆ ಬದಿಯ ಮರಳಿನ ಮೂಟೆಗಳತ್ತ ತಿರುಗಿಸಿದರು. "ಚಿವುಟಿದ್ರೆ ಬರಲ್ಲ. ಎದೆ ಹತ್ರ ತನ್ನಿ, ಬಾಯಿ ಮಾತ್ರ ಆಕಡೆನೇ ಇರ್ಲಿ. ಎಡಗೈ ಪೂರ್ತಿ ಮೇಲಿಂದ ಹಾಕಿ, ಹಿಂದಿನ ಗೀರುಗಳ ಮೇಲೆ ಬಿಗಿಯಾಗಿ ಹಿಡೀರಿ. ಎಡಗೈ ಹಿಂದಕ್ಕೆ, ಬಲಗೈ ಮುಂದಕ್ಕೆ. ಒಂದೇ ಸಲ ನೂಕಿ."

ನೂಕಿದೆ. ಸ್ಲೈಡ್ ಕರಕರ ಎನ್ನುತ್ತ ಹಿಂದೆ ಸರಿಯಿತು. ಒಳಗಿಂದ ಒಂದು ಗುಂಡು ಚಿಮ್ಮಿ ಮೇಜಿನ ಕೆಳಗೆ ಉರುಳಿತು.

ನಗು ನಿಂತಿತು.

"ಹೋದ್ವರ್ಷ ತೋಟಕ್ಕೆ ಕಳ್ಳರು ಬಂದವ್ರೆ ಅಂತ ತುಂಬಿದ್ದೆ," ಅಪ್ಪ ನೆಲ ನೋಡುತ್ತ ಹೇಳಿದರು. "ಆಮೇಲೆ ಎಳ್ಯಾಕೆ ಕೈಲಾಗ್ಲಿಲ್ಲ ಕಣಪ್ಪಾ. ಒಳಗೆ ಐತೋ ಇಲ್ವೋ ನೋಡಾಕೂ ಆಗ್ಲಿಲ್ಲ. ನಿಂಗೆ ಹೇಳಾಕೆ ನಾಚ್ಕೆ ಆಯ್ತು."

ಒಬ್ಬರ ಮಾತನ್ನೇ ನಂಬಿ ಸುದ್ದಿ ಕಳಿಸಬಾರದೆಂದು ಕಿರಿಯ ವರದಿಗಾರರಿಗೆ ಬುದ್ಧಿ ಹೇಳುವವನು ನಾನು. ಅಪ್ಪನ ಮಾತು ನಂಬಿ ಪಿಸ್ತೂಲನ್ನು ಅಪ್ಪನತ್ತಲೇ ತಿರುಗಿಸಿದ್ದೆ. ಅವರ ಕೈ ಸೋತದ್ದಂತೂ ಒಂದೇ ಮನೆಯಲ್ಲಿದ್ದೂ ಕಂಡಿರಲಿಲ್ಲ.

ಎಎಸ್‌ಐ ಬೈಯಲಿಲ್ಲ. ಗುಂಡು ಎತ್ತಿಟ್ಟು, ನನ್ನ ಕೈಯಲ್ಲಿ ಮತ್ತೆ ಮತ್ತೆ ಎಳೆಸಿದರು. ಆಮೇಲೆ ಅಪ್ಪನನ್ನು ಕೇಳಿದರು: "ಪರವಾನಗಿ ವರ್ಗಾವಣೆಗೆ ಅರ್ಜಿ ಕೊಟ್ಟಿರೋದು ಇವರ ಹೆಸರಿಗೇ ಅಲ್ವಾ?"

ಅಪ್ಪ ನನ್ನ ಮುಖ ನೋಡಿದರು. "ಈಗ ಕಲ್ತ್ಕಂಡ್ಯಲ್ಲ. ಇಟ್ಕೋತೀಯೇನೋ?"

"ಬೇಡಪ್ಪ," ಎಂದೆ.

ಅರ್ಜಿ ಹಿಂಪಡೆಯುವ ಕಾಗದವನ್ನು ಅಲ್ಲೇ ಬರೆದೆ. ಅಪ್ಪ ಸಹಿ ಹಾಕಲು ಬಹಳ ಹೊತ್ತು ತೆಗೆದುಕೊಂಡರು. ಅವರಿಗೆ ಮತ್ತೆ ನಾಚಿಕೆಯಾಗದಿರಲೆಂದು ಅಷ್ಟು ಹೊತ್ತೂ ನಾನು ಅವರ ಕೈ ನೋಡದೆ ಬಾಗಿಲ ಕಡೆ ನೋಡುತ್ತಿದ್ದೆ.