ಉಳಿದ ಅರ್ಧ ಸುತ್ತು

ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎಂದವರನ್ನು ನಾನು ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಕಳಿಸುತ್ತಿದ್ದೆ. ಚಿಕ್ಕನಾಯಕನಹಳ್ಳಿಯಲ್ಲಿ ನನ್ನದು ಕಾವಲು ಕ್ಯಾಮೆರಾ ಕೂರಿಸುವ ಅಂಗಡಿ. ಕೊಬ್ಬರಿ ಅಟ್ಟದಲ್ಲಿ ಯಾರೋ ಓಡಾಡುತ್ತಾರೆಂದು ಹೆದರಿ ಕರೆಸಿಕೊಂಡ ಮನೆಗಳಿಗೆಲ್ಲ ಹೋಗಿ, ಓಡಾಡಿದ್ದು ಇಲಿ ಎಂದು ತೋರಿಸಿ ಬಂದವನು. ಕ್ಯಾಮೆರಾಕ್ಕೆ ಭಯವೂ ಇಲ್ಲ, ಭಕ್ತಿಯೂ ಇಲ್ಲ, ಇದ್ದದ್ದನ್ನು ತೋರಿಸುತ್ತದೆ ಎನ್ನುತ್ತಿದ್ದೆ. ಈಗ ಹೇಳುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲು ಚನ್ನಬಸವನ ವಿಷಯ. ನನ್ನ ಚಿಕ್ಕಪ್ಪನ ಮಗ, ನನಗಿಂತ ನಾಲ್ಕು ವರ್ಷ ಚಿಕ್ಕವನು. ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ನಮ್ಮಪ್ಪ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದರು. ನಾವಿಬ್ಬರೂ ಅವರ ಶೆಡ್ಡಿನಲ್ಲೇ ಕೆಲಸ ಕಲಿತೆವು. ಚನ್ನ ಬಿಗಿದ ನಟ್ಟನ್ನು ಅಪ್ಪ ಮುಟ್ಟಿಯೂ ನೋಡುತ್ತಿರಲಿಲ್ಲ. ನಾನು ಬಿಗಿದದ್ದಕ್ಕೆ ಮಾತ್ರ ಮತ್ತೆ ಸ್ಪ್ಯಾನರ್ ಹಾಕಿ, "ಇನ್ನರ್ಧ ಸುತ್ತು ಐತೆ ಕಣ್ಲಾ" ಎನ್ನುತ್ತಿದ್ದರು. ಬೈಗುಳವಾದರೂ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಬೇಸರದ, ಇವನು ಇಷ್ಟೇ ಎಂಬ ದನಿ. ಸಾಯುವ ಮುಂಚೆ, ತಮ್ಮ ಕೈಯಾರೆ ಬಿಚ್ಚಿ ಜೋಡಿಸಿದ್ದ ಹಳೇ ಕಾರನ್ನೂ ಅವನಿಗೇ ಕೊಟ್ಟರು. ಹೆತ್ತ ಮಗನಾದ ನಾನು ಬಾಗಿಲಲ್ಲಿ ನಿಂತು ನೋಡಿದೆ. 

ಅಪ್ಪ ಹೋದ ಮರುವರ್ಷ ಚನ್ನ ಆ ಕಾರಿನಲ್ಲಿ ತಾನು ಕೂರುವ ಸೀಟೊಂದನ್ನು ಬಿಟ್ಟು ಮಿಕ್ಕ ಸೀಟು, ಬಾಗಿಲಿನ ಒಳಹಾಸು ಎಲ್ಲ ಕಿತ್ತುಹಾಕಿ, ಮಗುಚಿದರೂ ಅಪ್ಪಚ್ಚಿಯಾಗದಂತೆ ಒಳಗೆ ಕಬ್ಬಿಣದ ಪೈಪಿನ ಚೌಕಟ್ಟು ಕಟ್ಟಿಸಿ ರೇಸಿಗೆ ಸಿದ್ಧ ಮಾಡಿದ. ಕಂದಿಕೆರೆ ಆಚೆ, ಗುಡ್ಡದ ಬುಡದ ಬೀಳು ನೆಲದಲ್ಲಿ ಹುಡುಗರು ಮಣ್ಣಿನ ಟ್ರ್ಯಾಕ್ ಮಾಡಿದ್ದರು. ಒಂದೊಂದೇ ಕಾರು ಐದು ಸುತ್ತು ಓಡಬೇಕು. ತನ್ನ ಓಟವನ್ನು ಆಮೇಲೆ ನೋಡಿ ತಪ್ಪು ತಿದ್ದಿಕೊಳ್ಳಬೇಕು, ಒಂದು ಸಣ್ಣ ಕ್ಯಾಮೆರಾ ಕೂರಿಸಿಕೊಡು ಎಂದು ನನ್ನನ್ನೇ ಕೇಳಿದ. ಆಗಲ್ಲ ಎಂದರೆ ಹೊಟ್ಟೆಕಿಚ್ಚು ಎಂದಾರು ಎಂದು ಒಪ್ಪಿಕೊಂಡೆ.

ಸ್ಟೇರಿಂಗಿನ ಆಚೆ, ಮುಂಗಾಜಿನ ಕೆಳಗೆ ಅಡ್ಡಕ್ಕೆ ಹೋಗಿದ್ದ ಪೈಪಿಗೆ, ಅವನ ಮುಖವೂ ಎರಡು ಕೈಯೂ ಕಾಣುವ ಹಾಗೆ ಕ್ಲ್ಯಾಂಪು ಹಾಕಿದೆ. ನಟ್ಟು ಬಿಗಿದೆ. ಕೊನೆಯ ಅರ್ಧ ಸುತ್ತು ಮಾತ್ರ ಬಿಗಿಯಲಿಲ್ಲ. ಮರೆತದ್ದಲ್ಲ. ಕ್ಯಾಮೆರಾ ಅಲ್ಲಾಡಿ ಅವನ ವಿಡಿಯೋ ಹಾಳಾಗಲಿ ಎಂದಷ್ಟೇ ಇತ್ತು ಮನಸ್ಸಿನಲ್ಲಿ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಲ್ಲಿಂದ ಕಳಚಿದರೆ ಅದು ಎಲ್ಲಿಗೆ ಬೀಳುತ್ತದೆಂದು ಕೂರಿಸಿದವನಿಗೆ ಗೊತ್ತಿರುವುದಿಲ್ಲವೇ? ಬೀಳುವುದು ಬ್ರೇಕಿನ ಪೆಡಲಿನ ಅಡಿಗೆ, ಎಷ್ಟು ತುಳಿದರೂ ಬ್ರೇಕು ಹಿಡಿಯದ ಹಾಗೆ. ಟ್ರ್ಯಾಕಿನ ಕೊನೆಯ ತಿರುವಿನಲ್ಲಿ, ಹತ್ತು ಮಾರು ಆಚೆಗೆ, ಆಳೆತ್ತರದ ಬಂಡೆಯಿತ್ತು.

ಕ್ಯಾಮೆರಾ ಚಾಲೂ ಮಾಡಿ ಇಳಿದೆ. ಮಟಮಟ ಮಧ್ಯಾಹ್ನ. ಮೊದಲ ಸುತ್ತು ಮುಗಿಯಿತು. ಎರಡನೆಯದರಲ್ಲಿ ಕೈ ಎತ್ತಿ ನಿಲ್ಲಿಸು ಎನ್ನಬೇಕೆನಿಸಿತು. ಎತ್ತಲಿಲ್ಲ. ಆ ನಿಂತ ಹೊತ್ತನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಐದೂ ಸುತ್ತು ಮುಗಿಸಿ, ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಬಂದು ನಿಂತ. ಅವನು ಇಳಿಯುವ ಮುಂಚೆಯೇ ಕ್ಯಾಮೆರಾ ಬಿಚ್ಚಲು ಬಗ್ಗಿದೆ. ನಟ್ಟು ಅಲ್ಲಾಡಲಿಲ್ಲ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಕೊನೆಗೆ ಸ್ಪ್ಯಾನರಿನ ಹಿಡಿಗೆ ಒಂದು ಉದ್ದನೆಯ ಪೈಪು ತೂರಿಸಿ ಮೈಭಾರವೆಲ್ಲ ಬಿಟ್ಟ ಮೇಲೆ ಬಿಚ್ಚಿಕೊಂಡಿತು. ಅದುರಿದರೆ ನಟ್ಟು ಸಡಿಲಾಗುತ್ತದೆ. ಅದುರಿ ಬಿಗಿಯಾದ ನಟ್ಟನ್ನು ನಾನಂತೂ ಕಂಡಿಲ್ಲ.

ಸಂಜೆ ಅಂಗಡಿಯಲ್ಲಿ ಇಬ್ಬರೂ ಕೂತು ನೋಡಿದೆವು. ಮೊದಲ ಸುತ್ತೆಲ್ಲ ಚಿತ್ರ ಗಡಗಡ ನಡುಗುತ್ತಿತ್ತು. ಎರಡನೆಯದರಲ್ಲಿ ಕ್ಯಾಮೆರಾ ಒಂದು ಕಡೆಗೆ ವಾಲಿತು. ಇನ್ನೇನು ಬಿತ್ತು ಎನ್ನುವಾಗ, ಇಂಜಿನ್ನಿನ ಅಬ್ಬರದ ನಡುವೆ, ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ, ಬೇಸರದ ದನಿಯೊಂದು ಕೇಳಿಸಿತು.

"ಇನ್ನರ್ಧ ಸುತ್ತು ಐತೆ ಕಣ್ಲಾ."

ಅಲ್ಲಿಂದ ಮುಂದಕ್ಕೆ ಚಿತ್ರ ನೆಟ್ಟಗಾಯಿತು. ಕೊನೆಯವರೆಗೂ ಕೂದಲೆಳೆಯಷ್ಟು ಅಲುಗಲಿಲ್ಲ. ಚನ್ನನ ಎರಡು ಕೈಯೂ ಸ್ಟೇರಿಂಗ್ ಬಿಟ್ಟು ಕದಲಿರಲಿಲ್ಲ. ಧೂಳಿಗೆಂದು ಕಟ್ಟಿಕೊಂಡ ಬಟ್ಟೆಯಲ್ಲಿ ಬಾಯಿ ಮಾತ್ರ ಕಾಣುತ್ತಿರಲಿಲ್ಲ. ಪಕ್ಕದ ಸೀಟು ಕಿತ್ತುಹಾಕಿದ್ದರಿಂದ ಅಲ್ಲಿ ಬರೀ ತಗಡು.

ಚನ್ನ ನಕ್ಕ. ಸುತ್ತು ಎಂದರೆ ಅವನಿಗೆ ಟ್ರ್ಯಾಕಿನ ಸುತ್ತು. ತಾನೇ ಏನೋ ಗೊಣಗಿರಬೇಕು, ಲೆಕ್ಕ ತಪ್ಪಿದ್ದೇನೆ, ಆಗ ಇನ್ನೂ ಮೂರು ಸುತ್ತಿನ ಮೇಲೆ ಬಾಕಿಯಿತ್ತಲ್ಲ ಎಂದ. ಆಮೇಲೆ ಅದೇ ಜಾಗವನ್ನು ಇನ್ನೊಮ್ಮೆ ಹಾಕಿ ಕೇಳಿ ಹೇಳಿದ: "ದನಿ ಮಾತ್ರ ದೊಡ್ಡಪ್ಪನ ಥರಾನೇ ಐತೆ, ಅಲ್ವೇನಣ್ಣ?"

 ನಡುವೆ ನೀನೇನಾದರೂ ನಟ್ಟು ಮುಟ್ಟಿದೆಯಾ ಎಂದು ಕೇಳಿದೆ. ಹೂಂ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನೀನು ಬಿಗಿದ ಮೇಲೆ ನಾನ್ಯಾಕೆ ಮುಟ್ಲಿ ಬುಡಣ್ಣ" ಎಂದ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಆ ವಿಡಿಯೋವನ್ನು ನೂರು ಸಲವಾದರೂ ಹಾಕಿ ನೋಡಿದ್ದೇನೆ. ಚನ್ನ ಗೊಣಗಿದ್ದೇ ಇರಬಹುದು. ಆ ಮಾತನ್ನು ಶೆಡ್ಡಿನಲ್ಲಿ ಅವನೂ ಕೇಳಿದ್ದವನೇ. ಆದರೆ ನಟ್ಟು? ಗೊಣಗಿದರೆ ನಟ್ಟು ಬಿಗಿಯಾಗುವುದಿಲ್ಲ. ಒಂದು ಸಿಟ್ಟೂ ಉಳಿದಿದೆ. ಅದು ಅಪ್ಪನೇ ಆಗಿದ್ದರೆ, ಸತ್ತ ಮೇಲೂ ಬಂದದ್ದು ಅವನನ್ನು ಕಾಯಲೋ, ನನ್ನನ್ನು ಕಾಯಲೋ? ದನಿಯಲ್ಲಿ ಅದು ಗೊತ್ತಾಗುವುದಿಲ್ಲ.

ಚನ್ನ ಈಗಲೂ ರೇಸಿಗೆ ಮುಂಚೆ ಕಾರು ತಂದು ಅಂಗಡಿ ಮುಂದೆ ನಿಲ್ಲಿಸುತ್ತಾನೆ. ಅವನ ನಗು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕ್ಲ್ಯಾಂಪು ಹಾಕುತ್ತೇನೆ, ನಟ್ಟು ಬಿಗಿಯುತ್ತೇನೆ, ಅರ್ಧ ಸುತ್ತು ಉಳಿದಾಗ ಕೈ ತಾನಾಗಿ ನಿಲ್ಲುತ್ತದೆ. ಕಿವಿಗೊಟ್ಟು ಕಾಯುತ್ತೇನೆ. ಯಾರೂ ಏನೂ ಹೇಳುವುದಿಲ್ಲ. ಆ ಅರ್ಧ ಸುತ್ತನ್ನು ನಾನೇ ಬಿಗಿಯಬೇಕಾಗುತ್ತದೆ.