ಡಿಸ್ಕಿನೊಳಗಿನ ವಿಭೂತಿ

ಗೋವಿಂದರಾಜನಗರದ ನಮ್ಮ ಮನೆಯಲ್ಲಿ ಸ್ಕೂಟರ್ ನಿಲ್ಲಬೇಕಾದ ಜಾಗದಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಒಂದು ಕಬ್ಬಿಣದ ಪೆಟ್ಟಿಗೆ ನಿಂತಿತ್ತು. ಸೊಂಟದೆತ್ತರ, ಮೇಲೆ ಎತ್ತಿ ತೆರೆಯುವ ಮುಚ್ಚಳ, ನಾಲ್ಕು ಜನ ಸೇರಿದರೂ ಸುಲಭವಾಗಿ ಅಲುಗದ ತೂಕ. ಹೆಂಡತಿ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಮಹಡಿಗೆ ಬಾಡಿಗೆಗೆ ಬಂದವರು ಅದನ್ನು ಕೆಟ್ಟುಹೋದ ವಾಷಿಂಗ್ ಮೆಷಿನ್ ಎಂದು ತಿಳಿದು, "ಗುಜರಿಗೆ ಹಾಕ್ಬಾರ್ದಾ ಸಾರ್, ಬೈಕ್ ನಿಲ್ಸೋಕೆ ಜಾಗ ಆಗುತ್ತೆ" ಎನ್ನುತ್ತಿದ್ದರು. ಅದು ಹಾರ್ಡ್ ಡಿಸ್ಕ್ ಎಂದರೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆಟ್ಟಿಲು ಹತ್ತುತ್ತಿದ್ದರು.

ನಿಜವಾಗಿ ಹಾರ್ಡ್ ಡಿಸ್ಕೇ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದಾಗ ಅಲ್ಲಿನ ಮಿನಿಕಂಪ್ಯೂಟರಿಗೆ ಸೇರಿದ್ದು. ಒಂದರ ಮೇಲೊಂದು ಜೋಡಿಸಿದ ಐದು ದೊಡ್ಡ ತಟ್ಟೆಗಳ ಕಟ್ಟನ್ನು ಒಳಗಿಳಿಸಿ ಮುಚ್ಚಳ ಹಾಕಿದರೆ ಅವು ಗಿರ್ರನೆ ತಿರುಗುತ್ತಿದ್ದವು. ಅವುಗಳನ್ನು ಓದುವ ಹೆಡ್ಡುಗಳು ತಟ್ಟೆಯನ್ನು ಮುಟ್ಟುತ್ತಿರಲಿಲ್ಲ, ಅದರ ಮೇಲಿನ ಗಾಳಿಯಲ್ಲೇ ತೇಲುತ್ತಿದ್ದವು. ಆ ಸಂದಿನಲ್ಲಿ ಬೀಡಿ ಹೊಗೆಯ ಒಂದು ಕಣವೂ ತೂರಲಾರದು. ತೂರಲು ಹೋದರೆ ಹೆಡ್ಡು ಎಡವಿ ತಟ್ಟೆಯ ಮೇಲೆ ಬಿದ್ದು, ಅಲ್ಲಿ ಬರೆದದ್ದನ್ನೆಲ್ಲ ಕೆರೆದು ಹಾಕುತ್ತದೆ. ಸಾವಿರಾರು ಬಿಡಿಭಾಗಗಳ ಪಟ್ಟಿ, ಕಾರ್ಮಿಕರ ಹಾಜರಿ ಎಲ್ಲ ಅದರಲ್ಲಿತ್ತು. ಇವತ್ತಿನ ಫೋನಿನ ಹತ್ತಿಪ್ಪತ್ತು ಫೋಟೋಗಳಿಗೇ ಅದರ ಹೊಟ್ಟೆ ತುಂಬಿಹೋಗುತ್ತಿತ್ತು, ಆ ಮಾತು ಬೇರೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾರ್ಖಾನೆ ಅದನ್ನು ಬಿಸಾಡುವಾಗ ಕೇಳಿ ಪಡೆದು ಟೆಂಪೋದಲ್ಲಿ ಮನೆಗೆ ತಂದೆ. ಪ್ರೀತಿ ಎಂದು ಎಲ್ಲರೂ ಅಂದುಕೊಂಡರು. ನಾನೂ ಅಲ್ಲವೆನ್ನಲಿಲ್ಲ.

ಹೋದ ವರ್ಷ ದಸರಾಕ್ಕೆ ಸ್ವಲ್ಪ ಮುಂಚೆ ನಮ್ಮ ನಗರದಂಚಿನ ಉಲ್ಲಾಳದ ಕಡೆಯ ಕಾಲೇಜೊಂದರಿಂದ ಒಬ್ಬರು ಲೆಕ್ಚರರ್ ಬಂದರು. ಧಾರವಾಡದ ಕಡೆಯ ಹೆಣ್ಣುಮಗಳು. ಹಳೆಯ ಕಂಪ್ಯೂಟರುಗಳನ್ನು ಸೇರಿಸಿ ಕಾಲೇಜಿನಲ್ಲಿ ಒಂದು ಕೋಣೆ ಮಾಡುತ್ತಿದ್ದರು. ಹಪ್ಪಳದ ಹಾಳೆ ಸರಿಸಿ ಮುಚ್ಚಳ ಎತ್ತಿದವರು ಒಳಗೆ ಟಾರ್ಚ್ ಬಿಟ್ಟು ನೋಡಿ, "ಸರ್, ಇದರಾಗ ಬೂದಿ ಐತಲ್ರೀ" ಎಂದರು.

ಒಳಗಿನ ಅಂಚಿನ ಮೂಲೆಯಲ್ಲಿ ಬೆಳ್ಳಗೆ ಒಂದಿಷ್ಟು ಇನ್ನೂ ಅಂಟಿಕೊಂಡಿತ್ತು. ನನ್ನ ಬಳಿ ಅದಕ್ಕೊಂದು ಕಥೆ ಸದಾ ಸಿದ್ಧವಿತ್ತು. ಆಯುಧಪೂಜೆಯ ದಿನ ನಮ್ಮ ಅಟೆಂಡರ್ ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಪೂಜೆ ಮಾಡಿದ್ದು, ವಿಭೂತಿ ಹಾರಿ ಒಳಗೆ ಹೋಗಿದ್ದು, ವಿಭೂತಿ ಧರಿಸಿದ ಡಿಸ್ಕು ರಜೆ ಮುಗಿದ ಬೆಳಿಗ್ಗೆ ನೇರವಾಗಿ ಕೈಲಾಸ ಸೇರಿದ್ದು. ಮದುವೆ ಊಟದ ಪಂಕ್ತಿಗಳಲ್ಲಿ, ನಿವೃತ್ತರ ಕೂಟಗಳಲ್ಲಿ ಇದನ್ನು ಹೇಳಿ ಎಷ್ಟು ಸಲ ನಗಿಸಿದ್ದೆನೋ. ಲೆಕ್ಚರರೂ ನಕ್ಕರು.

"ಭಾಳ ಛಲೋ ಐತ್ರೀ ಇದು. ನಾಕ್ ಸಾಲಿನಾಗ ಬರದ್ ಕೊಡ್ರಿ, ಕಾರ್ಡ್ ಮಾಡಿ ಪಕ್ಕದಾಗ ಹಾಕ್ತೀವಿ. ಕೆಳಗ ನಿಮ್ಮ ಸಹಿ ಇರ್ಲಿ."

ಪೆಟ್ಟಿಗೆ ಗೂಡ್ಸ್ ಆಟೋ ಹತ್ತಿ ಹೋಯಿತು. ನಾನು ಮೂರು ದಿನ ಕಾಗದ ಮುಂದಿಟ್ಟುಕೊಂಡು ಕೂತೆ. ನಾಲಿಗೆಗೆ ಅಷ್ಟು ಸಲೀಸಾಗಿದ್ದ ಕಥೆ ಪೆನ್ನಿಗೆ ಬರಲಿಲ್ಲ, ಯಾಕೆಂದರೆ ಅದು ಸುಳ್ಳು. ಕೆಳಗೆ ಸಹಿ ಹಾಕಬೇಕು ಎಂದಾಗ ಮಾತ್ರ ನನಗದು ಸುಳ್ಳಿನಂತೆ ಕಂಡಿತು. ಎಪ್ಪತ್ತರ ಹತ್ತಿರದ ಮನುಷ್ಯನಿಗೆ ಇದು ಹೆಮ್ಮೆಯ ವಿಷಯವೇನಲ್ಲ.

ಆ ಅಟೆಂಡರ್ ಮೈಸೂರು ರಸ್ತೆ ಕಡೆಯ ಹಳೆಯ ಹಳ್ಳಿಯೊಂದರ ಒಕ್ಕಲು ಮನೆತನದವರು. ಹೊಲ ಬಡಾವಣೆಯಾದ ಮೇಲೆ ಕಾರ್ಖಾನೆ ಸೇರಿದ್ದರು. ಫೈಲು ಹೊರುವುದು ಅವರ ಕೆಲಸ. ಆದರೆ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅವರ ಕೈಗುಣಕ್ಕಾಗಿ. ಹೊಸ ಲೇಥ್ ಯಂತ್ರ ಬಂದರೆ ಮೊದಲ ಕುಂಕುಮ ಅವರೇ ಇಡಬೇಕು. ಸ್ಕೂಟರ್ ಕೊಂಡವರು ಬೀಗದ ಕೈಯನ್ನು ಮೊದಲು ಅವರ ಅಂಗೈಯಲ್ಲಿಟ್ಟು ವಾಪಸ್ ತೆಗೆದುಕೊಳ್ಳುತ್ತಿದ್ದರು. ಆಯುಧಪೂಜೆಯ ದಿನ ಇಡೀ ಕಾರ್ಖಾನೆಗೆ ಅವರೇ ಮಂಗಳಾರತಿ ಎತ್ತುತ್ತಿದ್ದರು. ಕಂಪ್ಯೂಟರ್ ರೂಮಿಗೆ ಮಾತ್ರ ಹೊಗೆ, ಪುಡಿ ಯಾವುದನ್ನೂ ತರಕೂಡದೆಂದು ಕಟ್ಟುನಿಟ್ಟು. ಅಲ್ಲಿ ಅವರು ಮುಚ್ಚಿದ ಬಾಗಿಲಿಗೇ ಬೆಳಗಿ, ಹೊರಗೆ ನಿಂತ ನನಗೆ ವಿಭೂತಿ ಕೊಟ್ಟು ಮುಂದೆ ಹೋಗುತ್ತಿದ್ದರು.

ಡಿಸ್ಕು ಹಾಳಾದ ವರ್ಷ, ಪೂಜೆಯ ತಿಂಗಳಲ್ಲೇ ಅದು ಮೂರು ಸಲ ಕೈಕೊಟ್ಟಿತ್ತು. ಏನು ತಡಕಾಡಿದರೂ ಕಾರಣ ಸಿಕ್ಕಿರಲಿಲ್ಲ. ಮ್ಯಾನೇಜರ್ ದಿನಾ ಬಂದು ನನ್ನ ತಲೆ ತಿನ್ನುತ್ತಿದ್ದರು. ಪೂಜೆಯ ದಿನ ಅಟೆಂಡರ್ "ಹಣೆಗಿಟ್ಕೊಳಿ ಸಾರ್" ಎಂದು ಚಿಟಿಕೆ ವಿಭೂತಿ ಕೊಟ್ಟಾಗ ನಾನು ಅದನ್ನು ಹಣೆಗಿಡಲಿಲ್ಲ. ಮುಷ್ಟಿಯಲ್ಲೇ ಹಿಡಿದು, ಅವರು ಆಚೆ ಹೋದ ಮೇಲೆ ಒಳಗೆ ಬಂದೆ. ರಜೆಗಾಗಿ ಮೆಷಿನ್ ಆಫ್ ಆಗಿತ್ತು. ಹೊರಗೆ ಹಚ್ಚಿದರೆ ಮ್ಯಾನೇಜರ್ ಕಣ್ಣಿಗೆ ಬೀಳುತ್ತದೆಂದು ಮುಚ್ಚಳ ಎತ್ತಿ ಒಳಗಿನ ಅಂಚಿಗೆ ಮೂರು ಬೆರಳೆಳೆದು ಮುಚ್ಚಿದೆ. ಬೀಡಿ ಹೊಗೆಯ ಪಾಠವನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವನು ನಾನೇ. ಆದರೂ ಮಾಡಿದೆ. ಅವರ ಕೈಯಿಂದ ಬಂದದ್ದರಿಂದ ಕೆಡುಕಾಗದು ಎಂದು ಮನಸ್ಸಿಗೆ ಗಟ್ಟಿಯಾಗಿತ್ತು.

ರಜೆ ಮುಗಿಸಿ ಬಂದು ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿಗೆ ಸಾಣೆಕಲ್ಲಿಗೆ ಚಾಕು ಹಿಡಿದಂಥ ಸದ್ದು ಬಂತು. ಐದು ತಟ್ಟೆಗಳೂ ಹೋದವು. ಟೈಪು ಮಾಡುವ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಕೂತು ಎಲ್ಲವನ್ನೂ ಮತ್ತೆ ತುಂಬಬೇಕಾಯಿತು. ರಿಪೇರಿಗೆ ಹೊರಗಿನಿಂದ ಬಂದ ಇಂಜಿನಿಯರ್ ಹತ್ತಿಯಲ್ಲಿ ಒರೆಸಿ ತೋರಿಸಿ, ಬೂದಿ ಎಂದು ಬರೆದು ಹೋದ. ಯಾರು ತಂದರು ಎನ್ನುವುದು ಅವನಿಗೆ ಬೇಕಿರಲಿಲ್ಲ.

ಮ್ಯಾನೇಜರಿಗೆ ಬೇಕಿತ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು. ಅಷ್ಟರಲ್ಲಿ ಅಟೆಂಡರ್ ಒಂದು ಹೆಜ್ಜೆ ಮುಂದೆ ಬಂದು, "ಬಾಗ್ಲಲ್ಲಿ ಪೂಜೆ ಮಾಡಿದ್ದು ನಾನೇ ಸಾರ್. ಗಾಳಿಗೆ ಒಳಕ್ಕೆ ಹೋಗಿರ್ಬೇಕು. ನನ್ ಕೈಯಿಂದಾನೇ ಆಗಿದ್ದು" ಎಂದರು. ಮುಚ್ಚಿದ ಬಾಗಿಲು, ಒಳಗೆ ಡಿಸ್ಕಿನ ಬಿಗಿಯಾದ ಮುಚ್ಚಳ, ಎರಡನ್ನೂ ದಾಟಿ ಹೊರಗಿನ ವಿಭೂತಿ ಒಳಗೆ ಹೋಗುವುದು ಸಾಧ್ಯವೇ ಇಲ್ಲವೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ನೆಲ ನೋಡುತ್ತ ನಿಂತೆ. ಆ ತಿಂಗಳೇ ನನ್ನ ಬಡ್ತಿಯಿತ್ತು. ಅದಿಲ್ಲದಿದ್ದರೂ ಬಾಯಿ ಬಿಡುತ್ತಿದ್ದೆನೆಂದು ಈಗ ಧೈರ್ಯವಾಗಿ ಹೇಳಲಾರೆ.

ಅವರಿಗೆ ಯಾರೂ ಶಿಕ್ಷೆ ಕೊಡಲಿಲ್ಲ. ಮರುವರ್ಷ ಲೇಥಿನವರು ಮಂಗಳಾರತಿ ತಟ್ಟೆಯನ್ನು ಬೇರೊಬ್ಬರ ಕೈಗೆ ಕೊಟ್ಟರು, ಅಷ್ಟೆ. "ಅವ್ರ ಕೈ ತಾಗಿ ಕಂಪ್ಯೂಟ್ರೇ ಉಳೀಲಿಲ್ಲ ಗುರು, ನಮ್ ಲೇಥ್ ಉಳಿಯುತ್ತಾ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಹಿಂದಿನ ಸಾಲಿನಲ್ಲಿ ಎರಡೂ ಕೈ ಬೆನ್ನಿಗೆ ಕಟ್ಟಿ ನಿಂತಿದ್ದರು. ಆಮೇಲೆ ಬೀಗದ ಕೈ ಹಿಡಿದು ಯಾರೂ ಅವರ ಬಳಿ ಬರಲಿಲ್ಲ, ಅವರೂ ಕೈ ಚಾಚಲಿಲ್ಲ.

ಕೊನೆಗೆ ಕಾರ್ಡಿಗೆ ನಿಜವನ್ನೇ ಬರೆದೆ. ಕಳಿಸುವ ಮುಂಚೆ ಅಟೆಂಡರಿಗೆ ಹೇಳಬೇಕು ಅನ್ನಿಸಿತು. ಹಳೆಯ ಸಹೋದ್ಯೋಗಿಯೊಬ್ಬರಿಂದ ವಿಳಾಸ ಸಿಕ್ಕಿತು. ಆಯುಧಪೂಜೆಯ ಹಿಂದಿನ ದಿನ ಹೋದೆ. ಮೈಸೂರು ರಸ್ತೆಯ ಅಂಚಿನುದ್ದಕ್ಕೂ ಬೂದುಗುಂಬಳದ ರಾಶಿ, ಬಾಳೆಕಂದು. ದೀಪಾಂಜಲಿ ನಗರದ ಒಳರಸ್ತೆಯಲ್ಲಿ ಮೂರಂತಸ್ತಿನ ಮನೆ, ಮೇಲೆಲ್ಲ ಬಾಡಿಗೆಯವರು. ಕೆಳಗಿನ ಹಜಾರದಲ್ಲಿ ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ವಯಸ್ಸು ಎಂಬತ್ತೈದು ದಾಟಿತ್ತು, ಗುರುತು ಹಿಡಿಯಲು ನಿಮಿಷವೂ ಬೇಕಾಗಲಿಲ್ಲ.

"ಕಂಪ್ಯೂಟರ್ ಸಾರ್! ಬನ್ನಿ, ಕೂತ್ಕೊಳಿ. ಮಗಳೇ, ಕಾಫಿ ಮಾಡಮ್ಮ."

ಯೋಗಕ್ಷೇಮ ಮಾತಾಡುತ್ತ ಕೂತರೆ ಮತ್ತೆ ಹಾಗೇ ಎದ್ದು ಬಂದುಬಿಡುತ್ತೇನೆಂದು ಹೆದರಿ ನೇರವಾಗಿ ಹೇಳಿದೆ. "ಅವತ್ತು ನೀವು ಹಣೆಗೆ ಅಂತ ಕೊಟ್ಟ ವಿಭೂತೀನ ಡಿಸ್ಕ್ ಒಳಗೆ ಹಚ್ಚಿದ್ದು ನಾನು. ಮುಚ್ಚಳ ತೆಗೆದು ಹಚ್ಚಿದೆ. ನಿಮ್ಮ ಕೈದೇನೂ ತಪ್ಪಿರ್ಲಿಲ್ಲ."

ಅವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು.

"ಬಾಗ್ಲಿಂದ ಹೋಗಿದ್ದಲ್ವಾ?"

"ಅಲ್ಲ."

"ನಿಮಗೆ ಅವತ್ತೇ ಗೊತ್ತಿತ್ತಾ ಸಾರ್?"

"ಗೊತ್ತಿತ್ತು."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬಲಗೈಯನ್ನು ತೊಡೆಯ ಮೇಲಿಟ್ಟು ಅದನ್ನೇ ನೋಡಿದರು. ಆಮೇಲೆ ಕಾಫಿ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ಗದ್ದ ತೋರಿಸಿದರು.

"ಇವಳ ಮದ್ವೇಲಿ ನಾನು ಧಾರೆ ಎರೀಲಿಲ್ಲ ಸಾರ್. ಅದಾಗಿ ಎರಡ್ ವರ್ಷಕ್ಕೆ ಮದ್ವೆ. ನನ್ ಕೈ ಸರಿಯಿಲ್ಲ, ಮಗಳ ಬಾಳು ಯಾಕ್ ಕೆಡಿಸ್ಲಿ ಅಂತ ತಮ್ಮನ ಕೈಲಿ ಎರೆಸ್ದೆ. ಬೆನ್ನು ಹಿಡ್ಕೊಂಡಿದೆ ಅಂತ ಹೇಳ್ದೆ ಎಲ್ರಿಗೂ."

ಮಗಳಿಗೂ ಇದು ಗೊತ್ತಿರಲಿಲ್ಲ. ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಪ್ಪನ ಕಡೆ ತಿರುಗಲೇ ಇಲ್ಲ, ನನ್ನನ್ನು ನೋಡಿಯೇ ಹೇಳಿದಳು.

"ನಮ್ಮನೆಯವ್ರು ಕಡೇವರ್ಗೂ ಅಂದ್ಕೊಂಡಿದ್ರು, ಮಾವಂಗೆ ನನ್ನ ಕಂಡ್ರೆ ಆಗಲ್ಲ, ಅದಕ್ಕೇ ಧಾರೆಗೆ ಬರ್ಲಿಲ್ಲ ಅಂತ. ಆಸ್ಪತ್ರೇಲಿ ಮಲಗಿದ್ದಾಗ್ಲೂ ಕೇಳಿದ್ರು, ನಾನೇನ್ ಮಾಡಿದ್ದೆ ಅವ್ರಿಗೆ ಅಂತ. ನಾನೇನಂತ ಹೇಳ್ಲಿ?"

ಅವಳ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮ ಮನೆಯಿಂದ ಅಟೆಂಡರ್ ಮನೆಗೆ ಆಟೋದಲ್ಲಿ ಇಪ್ಪತ್ತೇ ನಿಮಿಷ.