ಮಾವ ಕುಡಿದ ಗಂಜಿ

ಚಿನಕುರಳಿ ಹತ್ತಿರದ ಆ ಊರಿಗೆ ನಾನು ಸೊಸೆಯಾಗಿ ಹೋಗುವ ಮೊದಲೇ ‘ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳಂತೆ’ ಎಂಬ ಮಾತು ಅಲ್ಲಿಗೆ ಹೋಗಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ಯಜಮಾನರಿಗೆ ಕೆ.ಆರ್.ಎಸ್.ನಲ್ಲಿ ಕೆಲಸ, ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಮನೆಯಲ್ಲಿ ಅತ್ತೆ, ಮಾವ, ಮತ್ತು ಎಸ್ಸೆಸ್ಸೆಲ್ಸಿಯ ವಿಜ್ಞಾನವೊಂದರಲ್ಲೇ ಫೇಲಾಗಿ ಕೂತಿದ್ದ ನಾದಿನಿ.

ಮಾವ ಒಂದು ದಿನ ನನ್ನನ್ನು ಕರೆದು ಹೇಳಿದರು: “ಇದೊಂದ್ ಸಲಿ ಪರೀಕ್ಷೆ ಕಟ್ಲಿ. ಪಾಸಾದ್ರೆ ಪಾಂಡವಪುರದ ಕಾಲೇಜ್ಗೆ ಸೇರುಸ್ತೀನಿ. ಇಲ್ದಿದ್ರೆ ನಾಗಮಂಗ್ಲದೋರು ಹೆಣ್ ಕೇಳ್ತಾನೇ ಅವ್ರೆ, ಊಂ ಅಂದ್ಬುಡ್ತೀನಿ. ನೀನ್ ಓದಿರೋಳು, ಒಸಿ ಏಳ್ಕೊಡವ್ವ.”

ಒಪ್ಪಿಕೊಂಡೆ. ನಡುಮನೆಯಲ್ಲಿ ಚಾಪೆ ಹಾಸಿ ಅವಳ ಪುಸ್ತಕ ತೆರೆದಾಗಲೇ ತೊಂದರೆ ಗೊತ್ತಾದದ್ದು. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಮೇದೋಜೀರಕ ಗ್ರಂಥಿ, ಪಿತ್ತಜನಕಾಂಗ, ದ್ಯುತಿಸಂಶ್ಲೇಷಣೆ ಎಂದು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಒಳಗೆ ಅತ್ತೆ ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಗಿ ನನ್ನ ಕಿವಿ ಬಿಸಿಯಾಯಿತು.

“ಅತ್ಗೆ, ನೀವೂ ನನ್ನಂಗೇ ಓದ್ತೀರಲ್ಲ” ಎಂದಳು ನಾದಿನಿ, ತುಂಬ ಸಮಾಧಾನದಿಂದ.

ಆಮೇಲೆ ನಾನು ಪುಸ್ತಕ ಮುಚ್ಚಿಟ್ಟು, ಮಾತು ಬಾರದ ಕಡೆ ಕೈಯಲ್ಲಿ ತೋರಿಸತೊಡಗಿದೆ. ಗಿಡಗಳ ಪಾಠಕ್ಕೆ ಹಿತ್ತಲಾಚೆಯ ಕಬ್ಬಿನ ಗದ್ದೆಗೇ ಹೋದೆವು. ಎಲೆ ಬಿಸಿಲನ್ನೂ ಗಾಳಿಯನ್ನೂ ಬೇರಿನಿಂದ ಬಂದ ನೀರನ್ನೂ ಸೇರಿಸಿ ಸಕ್ಕರೆ ಮಾಡುತ್ತದೆ. ಕಬ್ಬು ಅದನ್ನು ಜಲ್ಲೆಯಲ್ಲಿ ಸಕ್ಕರೆಯಾಗಿಯೇ ಕೂಡಿಡುತ್ತದೆ, ರಾಗಿ ಕಾಳಿನಲ್ಲಿ ಪಿಷ್ಟ ಮಾಡಿ ಇಡುತ್ತದೆ ಎಂದೆ.

“ಅಂಗಾದ್ರೆ ಗಿಡುಕ್ಕೆ ಬಾಯೇ ಬ್ಯಾಡ. ನಾವ್ ಮಾತ್ರ ಮೂರೊತ್ತೂ ಒಲೆ ಮುಂದೆ ಸಾಯ್ಬೇಕು.”

“ಹಾಗೇ ಬರೆದರೆ ಮಾರ್ಕ್ಸ್ ಕೊಡಲ್ಲ.”

ನಕ್ಕಳು. ಆ ಪಾಠ ಅವಳಿಗೆ ಬಂತು. ಬಾರದಿದ್ದದ್ದು ಮನುಷ್ಯರದು. ಜೀರ್ಣಕ್ರಿಯೆ ಹೊಟ್ಟೆಯಲ್ಲಲ್ಲ, ಬಾಯಲ್ಲೇ ಶುರುವಾಗುತ್ತದೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. “ಮುದ್ದೆ ಬಾಯಲ್ಲಿ ನಿಲ್ಲಾದೇ ಇಲ್ವಲ್ಲ ಅತ್ಗೆ, ನುಂಗ್ತೀವಿ ಅಷ್ಟೆ.” ಅದೂ ನಿಜವೇ. ಮುದ್ದೆ ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡು ಆ ಮನೆಯಲ್ಲಿ ನಾನು ಆಗಲೇ ನಗೆಪಾಟಲಾಗಿದ್ದೆ.

ಕಾನ್ವೆಂಟಿನಲ್ಲಿ ಸಿಸ್ಟರ್ ಮಾಡಿಸಿದ್ದ ಪ್ರಯೋಗವೊಂದು ನೆನಪಾಯಿತು. ಗಂಜಿಗೆ ಟಿಂಚರ್ ಅಯೋಡಿನ್ ಬಿಟ್ಟರೆ ಕಪ್ಪುನೀಲಿಯಾಗುತ್ತದೆ. ಪಿಷ್ಟ ಇದೆ ಎಂದರ್ಥ. ಜೊಲ್ಲು ಬೆರೆಸಿ ಸ್ವಲ್ಪ ಹೊತ್ತು ಬೆಚ್ಚಗಿಟ್ಟ ಗಂಜಿ ಬಣ್ಣ ತಿರುಗುವುದಿಲ್ಲ, ಪಿಷ್ಟವೆಲ್ಲ ಸಕ್ಕರೆಯಾಗಿರುತ್ತದೆ. ಅಲ್ಲಿ ಗಾಜಿನ ಕೊಳವೆಗಳಿದ್ದವು, ಉಗುಳುವಾಗ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆವು. ಇಲ್ಲಿದ್ದದ್ದು ಅಡುಗೆಮನೆಯ ಲೋಟಗಳು. ಎಂಜಲು ಮುಟ್ಟಿದ ಕೈಯಲ್ಲಿ ಉಪ್ಪಿನ ಮರಿಗೆಯನ್ನೂ ಮುಟ್ಟದ ಮನೆ ಅದು. ಅತ್ತೆ ತವರಿಗೆ ಹೋದ ದಿನ ನೋಡಿಕೊಂಡು, ಅನ್ನ ಬಸಿದ ಗಂಜಿಯ ತಿಳಿಯನ್ನು ಎರಡು ಲೋಟಕ್ಕೆ ಬಗ್ಗಿಸಿದೆ.

“ಒಂದರಲ್ಲಿ ಉಗುಳು” ಎಂದೆ.

“ಥೂ, ನನ್ ಕೈಲಾಗಲ್ಲ. ನೀವೇ ಉಗೀರಿ.”

ನಾನೇ ಉಗುಳಿದೆ. ಗುರುತಿಗೆಂದು ಅಂಚು ನೆಗ್ಗಿದ ಲೋಟಕ್ಕೆ. ಎರಡನ್ನೂ ಒಲೆಯ ಪಕ್ಕ ಬೆಚ್ಚಗಿರಿಸಿ, ಟಿಂಚರ್ ತರಲು ಇಬ್ಬರೂ ಕೊಟ್ಟಿಗೆಗೆ ಹೋದೆವು. ಎತ್ತಿನ ಹೆಗಲ ಹುಣ್ಣಿಗೆ ಹಚ್ಚುವ ಶೀಸೆ ಅಲ್ಲೆಲ್ಲೋ ಗೂಡಿನಲ್ಲಿರುತ್ತಿತ್ತು. ಹುಡುಕುವುದು ಸ್ವಲ್ಪ ತಡವೇ ಆಯಿತು.

ವಾಪಸು ಬಂದರೆ ಮಾವ ಅಡುಗೆಮನೆಯಲ್ಲಿ. ಬೀಡಿಗೆ ಕೆಂಡ ತೆಗೆದುಕೊಳ್ಳಲು ಬಂದವರು ಗಂಜಿ ನೋಡಿ, ತಮಗೇ ಇಟ್ಟಿದ್ದಾರೆಂದುಕೊಂಡಿದ್ದಾರೆ. ಅವರು ಲೋಟವನ್ನು ತುಟಿಗೆ ತಾಗಿಸುವವರಲ್ಲ. ತಲೆ ಹಿಂದಕ್ಕೆ ಮಾಡಿ ಮೇಲಿಂದ ಧಾರೆಯಾಗಿ ಬಿಟ್ಟುಕೊಳ್ಳುತ್ತಿದ್ದರು. ಕೈಯಲ್ಲಿದ್ದದ್ದು ಅಂಚು ನೆಗ್ಗಿದ ಲೋಟ.

ಅರ್ಧಕ್ಕೆ ನಿಲ್ಲಿಸಿ, “ಏನವ್ವ, ಇವತ್ತು ಉಪ್ಪೇ ಆಕಿಲ್ಲ. ಆದ್ರೂ ಒಸಿ ಸೀಯಾಗದೆ” ಎಂದರು.

ನಾದಿನಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ತಡೆಯಲಾಗಲಿಲ್ಲ, ಕುಸಿದು ಕೂತು ನಗತೊಡಗಿದಳು.

“ಯಾಕಮ್ಮಿ ಅಂಗ್ ನಗ್ತೀಯ?”

“ನಮ್ ಪಾಠ ಕಣಪ್ಪ ಅದು. ಗಂಜೀಲಿ ಪಿಷ್ಟ ಅದೆ. ಬಾಯಿನ ರಸ ಸೇರುದ್ರೆ ಅದು ಸಕ್ರೆ ಆಯ್ತದೆ. ಅದ್ಕೇಯ ಸಿಹಿ.” ಇಷ್ಟು ದಿನದಲ್ಲಿ ಅವಳು ತಡವರಿಸದೆ ಒಪ್ಪಿಸಿದ ಮೊದಲ ಉತ್ತರ.

“ಬಾಯಿನ ರಸ ಅಂದ್ರೆ?”

“ಎಂಜ್ಲು.”

ಮಾವ ಲೋಟವನ್ನು ಒಲೆಕಟ್ಟೆಯ ಮೇಲಿಟ್ಟರು. ಸದ್ದಾಗದಂತೆ ಇಟ್ಟರು. “ಯಾರ್ದು?”

ನನ್ನ ಕೈಯಲ್ಲಿದ್ದ ಟಿಂಚರ್ ಶೀಸೆಯ ಬಿರಡೆ ಸಡಿಲವಿತ್ತು, ಬೆರಳೆಲ್ಲ ಕಂದಾಗಿತ್ತು. ಅದನ್ನೇ ನೋಡುತ್ತ ನಿಂತೆ. ಸೊಸೆ ಊಟ ಮಾಡುವುದೂ ಮಾವನದಾದ ಮೇಲೆ ಎಂಬ ಮನೆ.

“ನಂದೇಯ” ಎಂದಳು ನಾದಿನಿ.

ಮಾವ ಅವಳನ್ನು ಒಮ್ಮೆ, ಲೋಟವನ್ನು ಒಮ್ಮೆ ನೋಡಿದರು. “ಅಷ್ಟೇಯ? ನೀನ್ ಮಗಿದ್ದಾಗ ನನ್ ತಟ್ಟೆಗೇ ಉಗುಳ್ತಿದ್ದೆ. ಸಾರ್ ಜೊತೆ ಅದ್ನೂ ಉಂಡಿವ್ನಿ” ಎಂದು ಲೋಟ ಎತ್ತಿ ಮಿಕ್ಕದ್ದನ್ನೂ ಕುಡಿದುಬಿಟ್ಟರು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮುಗಿದಿತ್ತು. ಮೀಸೆ ಒರೆಸಿಕೊಂಡು, “ಓದುಸವ್ವ, ಚೆನ್ನಾಗೇ ಏಳ್ಕೊಟ್ಟಿದ್ದೀ” ಎಂದು ಹೊರಗೆ ಹೋದರು.

ನಾದಿನಿ ಉಳಿದ ಲೋಟಕ್ಕೆ ಟಿಂಚರ್ ಬಿಟ್ಟಳು. ಕಪ್ಪುನೀಲಿಯಾಯಿತು. “ಇನ್ನೊಂದು ಅಪ್ಪನ ಒಟ್ಟೇಲದೆ. ಅಲ್ಗೇ ಒಂದ್ ತೊಟ್ಟು ಬುಡಾನ?”

ನನಗೆ ನಗು ಬರಲಿಲ್ಲ. “ಯಾಕೆ ನಿನ್ನದು ಅಂದೆ?” ಎಂದು ಕೇಳಿದೆ.

“ನಿಮ್ದು ಅಂದಿದ್ರೆ ಅಪ್ಪ ನಿಮ್ ಕೂಡೆ ಮಾತ್ ಬುಟ್ಬುಡ್ತಿತ್ತು. ನಂಗೆ ಪಾಠ ತಪ್ಪೋಗದು. ಆಮ್ಯಾಕೆ ನಾಗಮಂಗ್ಲಕ್ಕೆ ನನ್ ಬದ್ಲು ನೀವ್ ಓಯ್ತಿದ್ರಾ?”

ನೆಗ್ಗಿದ ಲೋಟವನ್ನು ಹುಣಿಸೆಹಣ್ಣು, ಬೂದಿ ಹಾಕಿ ಉಜ್ಜಿದೆ. ತೊಳೆದು ಮತ್ತೆ ಉಜ್ಜಿದೆ.

ಅವಳು ಪಾಸಾದಳು. ಮಾವ ಕೊಟ್ಟ ಮಾತಿನಂತೆ ಕಾಲೇಜಿಗೆ ಸೇರಿಸಿದರು. ಅದನ್ನು ತಿಳಿಸಬೇಕೆಂದು ನಾಗಮಂಗಲದವರನ್ನು ಮನೆಗೇ ಕರೆಸಿ, ಜಗಲಿಯಲ್ಲಿ ಕೂರಿಸಿ, “ಓದ್ತಾಳೆ ಬುಡಿ ಅವ್ಳು” ಎಂದರು. ಬಂದವರಿಗೆ ಬೇಸರವಾಗಬಾರದೆಂದೋ ಏನೋ, ಗಂಜಿಯ ಕತೆಯನ್ನೂ ಹೇಳಿದರು.

“ಮಗ್ಳ ಎಂಜ್ಲು ಅಷ್ಟ್ ಸಿಹಿನಾ ಗೌಡ್ರೆ?” ಎಂದು ಒಬ್ಬರು ರೇಗಿಸಿದರು. ಎಲ್ಲರೂ ನಕ್ಕರು.

ನಾನು ಕಾಫಿ ಕೊಡುತ್ತಿದ್ದೆ. ಮಾವ ನನ್ನ ಕಡೆ ತಿರುಗಿ, “ಬೇಕಾದ್ರೆ ನಮ್ ಸೊಸೇನೇ ಕೇಳಿ. ಪಕ್ಕದಲ್ಲೇ ನಿಂತಿದ್ಲು” ಎಂದರು.

“ಹೌದು, ನಿಂತಿದ್ದೆ” ಎಂದೆ.